ಗಾಡಿ ಕೀಲಿ

ಸತ್ತವರು ವರ್ಷಕ್ಕೊಮ್ಮೆ ಅರ್ಧ ತಾಸು ಮನೆಗೆ ಬರುತ್ತಾರೆ. ತಾವು ಸತ್ತಿದ್ದು ಅವರಿಗೆ ಗೊತ್ತಿರುವುದಿಲ್ಲ; ಹೇಳಿದರೂ ಮುಂದಿನ ಸಲಕ್ಕೆ ಮರೆತಿರುತ್ತಾರೆ. ಹೋದ ವರ್ಷ ಸುವರ್ಣಾ ತನ್ನ ಗಂಡ ಬಸವಂತನಿಗೆ ಅದನ್ನು ಹೇಳಿಬಿಟ್ಟಿದ್ದಳು. ಅಷ್ಟೂ ಹೊತ್ತು ಅವನ ಅಳುವಿನಲ್ಲೇ ಮುಗಿದಿತ್ತು.

“ಈ ಸಲರೆ ಹೇಳಬ್ಯಾಡ ನಮ್ಮವ್ವಾ,” ಎಂದು ಅತ್ತೆ ಬೇಡಿಕೊಂಡಿದ್ದರು.

ಬಸವಂತ ಬಂದವನೇ ಗೋಡೆಯ ಮೊಳೆ ನೋಡಿದ. “ಗಾಡಿ ಕೀಲಿ ಎಲ್ಲೈತೆ? ಆಫೀಸಿಗೆ ತಡಾ ಆತು.”

ಕೀಲಿಯನ್ನು ಅವಳೇ ಬಚ್ಚಿಟ್ಟಿದ್ದಳು. ಸಿಕ್ಕರೆ ಹೊರಟುಬಿಡುತ್ತಾನೆ.

“ಸಿಗತೈತ್ರಿ. ಒಂದೀಟು ಕೂಡ್ರಿ, ಚಾ ಕುಡದು ಹೋಗೀರಂತ.”

“ಚಾ ಸಂಜೀಕ ಕುಡದ್ರಾತು. ಈ ಮನ್ಯಾಗ ಇಟ್ಟದ್ದು ಇಟ್ಟಲ್ಲಿ ಇರೂದಿಲ್ಲ!”

ಅವನು ಕಪಾಟು ತಡಕಿದ, ಹಾಸಿಗೆ ಕೊಡವಿದ, ಬೈಯುತ್ತಲೇ ಮಂಚದ ಕೆಳಗೆ ಬಗ್ಗಿದ. ಅವಳಿಗೆ ಅವನ ಬೆನ್ನಷ್ಟೇ ಕಾಣುತ್ತಿತ್ತು.

“ಇತ್ತ ನೋಡ್ರಿ,” ಅಂದಳು.

“ತಡಿಯೇ, ಹುಡುಕಾಕ್ಹತ್ತೀನಿ,” ಅಂದ.

ಆಮೇಲೆ ಬೆನ್ನೂ ಕಾಣಲಿಲ್ಲ.