ಉಸಿರಿಗೊಂದು ಉಡುಗೊರೆ

ಕೈಗೆ ಬಂದ ಮನಿ ಪ್ಲಾಂಟಿನ ಕುಂಡವನ್ನು ಕಾಡಪ್ಪ ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ನೋಡಿ, "ಸಾಹೇಬ್ರ, ಇದಕ್ಕ ನೀರ ಹಾಕಬೇಕೋ, ಮಾಸ್ಕ ಹಾಕಬೇಕೋ?" ಎಂದ. ಡ್ರಮ್ ತುಂಬುವ ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದ ಉಳಿದ ಕಾರ್ಮಿಕರೆಲ್ಲ ನಕ್ಕರು. ನಗು ಮುಗಿಯುವ ಮೊದಲೇ ಇಬ್ಬರಿಗೆ ಕೆಮ್ಮು ಹತ್ತಿತು.

ಸುರಕ್ಷತಾ ಅಧಿಕಾರಿ ಮಿಥುನ ನಗಲಿಲ್ಲ. ಪುಣೆ ಜಿಲ್ಲೆಯ ಕುರಕುಂಭದ ಆ ರಾಸಾಯನಿಕ ಕಾರ್ಖಾನೆಯಲ್ಲಿ ಮಾಸ್ಕುಗಳ ಫಿಲ್ಟರುಗಳು ಕೆಲಸ ನಿಲ್ಲಿಸಿ ಒಂದು ಮಳೆಗಾಲವೇ ಕಳೆದಿತ್ತು. ಹೊಸವು ಬೇಕೆಂದು ಅವನು ಕೇಳಿದಾಗ ಪುಣೆ ಆಫೀಸಿನ ಎಚ್.ಆರ್. ಮ್ಯಾನೇಜರ್ ಮಧುಕರ್ ಬೆನ್ನು ತಟ್ಟಿದ್ದರು. "ಈ ಕ್ವಾರ್ಟರ್ ಬಜೆಟ್ ಇಲ್ಲಪ್ಪ. ಆದ್ರೆ ಕ್ರಿಸ್‌ಮಸ್‌ಗೆ ಎಲ್ರಿಗೂ ಏನಾದ್ರೂ ಕೊಡ್ಲೇಬೇಕು, ಫಾರಿನ್ ಮಾಲೀಕರು ಫೋಟೊ ಕೇಳ್ತಾರೆ. ಖರ್ಚು ಕಡಿಮೆ ಇರ್ಲಿ, ಮನಸ್ಸಿಗೆ ಮಾತ್ರ ತಟ್ಟಬೇಕು. ಗಿಫ್ಟ್ ಅಂದ್ರೆ ರೇಟಲ್ಲ ಮಿಥುನ್, ಫೀಲಿಂಗು."

ಹೀಗೆ ಫೀಲಿಂಗಿನ ಹೊಣೆ ಮಿಥುನನ ತಲೆಗೆ ಬಂತು. ಹೊತ್ತುಕೊಂಡ ಮೇಲೆ ಅವನಿಗೆ ಅದರ ರುಚಿಯೂ ಹತ್ತಿತು ಎನ್ನಬೇಕು. ಪುಣೆ ದಾರಿಯಲ್ಲಿರುವ ಉರುಳಿ ಕಾಂಚನ ಊರಿನ ನರ್ಸರಿಯಲ್ಲಿ ಒಂದೊಂದೇ ಗಿಡವನ್ನು ತಿರುಗಿಸಿ ನೋಡಿ ಆರಿಸಿದ. ಗಾಳಿಯಲ್ಲಿನ ವಿಷವನ್ನು ಮನಿ ಪ್ಲಾಂಟ್ ಹೀರಿಕೊಳ್ಳುತ್ತದೆಂದು ಎಲ್ಲೋ ಓದಿದ್ದ. ಆ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯಲ್ಲಿ, ಅದೂ ಮೂಗಿಗೆ ತಿಳಿಯದಷ್ಟು ಕಡಿಮೆ ಆವಿಯ ಮೇಲೆ ಎಂಬುದನ್ನೂ ಓದಿದ್ದ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನಿಗೆ ಅದರ ಅರ್ಥವನ್ನು ಬೇರೆಯವರು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಪ್ರತಿ ಕುಂಡಕ್ಕೂ 'ನಿಮ್ಮ ಉಸಿರಿಗಾಗಿ, ಪ್ರೀತಿಯಿಂದ' ಎಂದು ಕೈಯಾರೆ ಬರೆದ ಚೀಟಿ ಕಟ್ಟಿದ. ಕಟ್ಟುವಾಗ ತನ್ನ ಒಳ್ಳೆಯತನಕ್ಕೆ ತನ್ನದೇ ಕಣ್ಣು ತುಸು ಒದ್ದೆಯಾಯಿತು.

ಫೋಟೊ ಚೆನ್ನಾಗಿ ಬಂತು. ಮಾಲೀಕರ ಕಡೆಯಿಂದ ಹೃದಯದ ಚಿಹ್ನೆಯೂ ಬಂತು.

ಹೊಸ ವರ್ಷದ ರಜೆ ಮುಗಿಸಿ ಬಂದ ಮಿಥುನ ತನ್ನ ಕೋಣೆಯ ಬಾಗಿಲು ತೆರೆದರೆ ಮೇಜಿನ ತುಂಬ ಕುಂಡಗಳು. ಎಲೆಗಳೆಲ್ಲ ಕರಿದ ಹಪ್ಪಳದಂತೆ ಸುರುಟಿಕೊಂಡಿದ್ದವು. ಪಕ್ಕದಲ್ಲಿ ಕಾಡಪ್ಪ ಕೈಕಟ್ಟಿ ನಿಂತಿದ್ದ.

"ನೀರು ಹಾಕ್ಲಿಲ್ವಾ?"

"ದಿನಾ ಹಾಕೀವ್ರಿ. ಛಲೋ ಗಾಳಿ ಬರಲಿ ಅಂತ ಕಿಟಕ್ಯಾಗ ಇಟ್ಟಿದ್ವಿ. ನಾವು ನಿಂತು ಕೆಲಸ ಮಾಡೂ ಜಾಗಾ ಅದಕ್ಕಿಂತ ಒಳಗ ಅದ." ಕಾಡಪ್ಪ ಗಂಟಲು ಸರಿಮಾಡಿಕೊಂಡ. "ನಮ್ಮ ಮಾತ ಯಾರೂ ಕೇಳಲಿಲ್ಲ. ಗಿಡದ ಮಾತರ ಕೇಳ್ತಾರೇನು, ಒಂದ್ಸಲ ತೋರ್ಸಿ ನೋಡ್ರಿ. ಫಿಲ್ಟರ್ ಬಂದ್ರ ಸಾಕು."

ಮಿಥುನನಿಗೆ ದುಃಖಕ್ಕಿಂತ ಹುಮ್ಮಸ್ಸೇ ಬಂತು. ಇಂಥ ಪುರಾವೆಯನ್ನು ಯಾವ ಪ್ರಯೋಗಾಲಯವೂ ಕೊಡಲಾರದು! ಸಂಜೆ ಕಂಪನಿ ಬಸ್ಸಿನಲ್ಲಿ ಒಂದು ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಪುಣೆಗೆ ಹೋದ. ಮಧುಕರ್ ಬೆರಳಿನಿಂದ ಮುಟ್ಟಿದ ಎಲೆ ಮೇಜಿನ ಮೇಲೆ ಪುಡಿಯಾಗಿ ಉದುರಿತು. ಅವರ ಮುಖ ನಿಜವಾಗಿಯೂ ಬಾಡಿತು.

"ಛೆ, ಪಾಪ. ತಪ್ಪು ನಮ್ದೇ ಮಿಥುನ್. ಆ ಶೆಡ್ಡಿಗೆ ಜೀವ ಇರೋದನ್ನ ಕಳಿಸ್ಲೇಬಾರ್ದಿತ್ತು."

"ಅದನ್ನೇ ನಾನೂ ಹೇಳ್ತಿರೋದು ಸರ್."

"ನೀನೇನೂ ಹೇಳ್ಬೇಡ. ನನಗೆ ಅರ್ಥ ಆಯ್ತು. ಈ ವಾರದಲ್ಲೇ ವ್ಯವಸ್ಥೆ ಮಾಡ್ತೀನಿ."

ಮಾತಿಗೆ ತಪ್ಪಲಿಲ್ಲ. ವಾರ ಮುಗಿಯುವುದರೊಳಗೆ ಶೆಡ್ಡಿಗೆ ದೊಡ್ಡ ರಟ್ಟಿನ ಪೆಟ್ಟಿಗೆಗಳು ಬಂದಿಳಿದವು. ಮಿಥುನ ತಾನೇ ಓಡಿಹೋಗಿ ಎಲ್ಲರನ್ನೂ ಕರೆದ. ಕಾಡಪ್ಪ ಅಂಟುಪಟ್ಟಿ ಹರಿದು, ಒಳಗೆ ಕೈಹಾಕಿ ಮೊದಲನೆಯದನ್ನು ಹೊರತೆಗೆದ. ಹಚ್ಚಹಸಿರು ಪ್ಲಾಸ್ಟಿಕ್ ಮನಿ ಪ್ಲಾಂಟ್. ಎಲೆಯ ಮೇಲೆ ಇಬ್ಬನಿಯ ಹನಿಗಳನ್ನೂ ಅಂಟಿಸಿದ್ದರು.

ಈ ಸಲ ಯಾರೂ ನಗಲಿಲ್ಲ. ಕಾಡಪ್ಪ ಒಂದು ಎಲೆಯನ್ನು ಮಡಚಿದ, ಬಿಟ್ಟ. ಅದು ಮತ್ತೆ ನೆಟ್ಟಗಾಯಿತು.

"ಭಾಳ ಗಟ್ಟಿ ಮಾಲ್ ಅದರೀ," ಎಂದ. "ಇದೇ ಅಂಗಡ್ಯಾಗ ಉಸಿರಾಡೂ ಪುಪ್ಪುಸಾನೂ ಸಿಗತಾವೇನು, ಮಧುಕರ ಸಾಹೇಬ್ರನ್ನ ಒಂದ ಮಾತ ಕೇಳ್ರಿ."