ಅರ್ಧ ಮ್ಯಾನೇಜರ್

ಸತ್ಯಮ್ಮನ ಮೇವಿನ ಬಣವೆಗೆ ಬೆಂಕಿ ಬಿತ್ತು. ಕೊಡ ಹಿಡಿದು, ನೆನೆಸಿದ ಕಂಬಳಿ ಹೊತ್ತು ಓಡಿ ಬಂದ ಊರವರನ್ನು ಪಂಚಾಯಿತಿ ಅಧ್ಯಕ್ಷ ಮಾಣಿಕ ಎರಡೂ ಕೈ ಚಾಚಿ ದಾರಿಯಲ್ಲೇ ತಡೆದ.

"ಯಾರೂ ಆರಿಸಬ್ಯಾಡ್ರಿ. ಸಾಹೇಬರು ನೋಡ್ಲಾಕತ್ಯಾರ."

ಸಾಹೇಬರೆಂದರೆ ಬೀದರಿನಿಂದ ಬಂದ ಶಿವಕಾಂತ. ಬೆಂಕಿಯಿಂದಾದ ಹಾನಿ ನೋಡಿ ಪಂಚಾಯಿತಿಗಳಿಗೆ ತುರ್ತು ಸೇವೆಯ ಮ್ಯಾನೇಜರುಗಳನ್ನು ಹಂಚುವ ಕೆಲಸ ಅವರದು. ಭಾಲ್ಕಿ ಕಡೆಗೆ ಇಬ್ಬರನ್ನು ಕೊಟ್ಟಾಗಿದೆ, ಔರಾದ ತಾಲೂಕಿನ ಈ ಊರಿಗೆ ಒಬ್ಬರೂ ಇಲ್ಲ ಎಂದು ಈಗಷ್ಟೇ ಚಹಾ ಕುಡಿಯುತ್ತ ಹೇಳಿದ್ದರು. ಕಾರಣ ನ್ಯಾಯವಾದದ್ದೇ. ಈ ಊರಿನಲ್ಲಿ ಬೆಂಕಿಯಿಂದ ಏನೂ ಹಾಳಾಗಿಲ್ಲ. ಹಾಳಾಗುವುದಾದರೂ ಹೇಗೆ? ಬೇಸಿಗೆ ಬಂತೆಂದರೆ ಇಲ್ಲಿ ಪ್ರತಿ ಮನೆಯ ಬಾಗಿಲಲ್ಲೂ ತುಂಬಿದ ಕೊಡ ಇರುತ್ತದೆ. ಕೂಗು ಕೇಳಿದರೆ ಕುರಿ ಕಾಯುವವರು ಕಂಬಳಿ ನೆನೆಸಿಕೊಂಡೇ ಓಡುತ್ತಾರೆ. ಔರಾದದಿಂದ ಬೆಂಕಿ ಆರಿಸುವ ಗಾಡಿ ಹೊರಡುವುದರೊಳಗೆ ಇಲ್ಲಿ ಬೂದಿ ತಣ್ಣಗಾಗಿರುತ್ತದೆ. ಇಂಥ ಶಾಣ್ಯಾ ಊರಿಗೆ ಸರ್ಕಾರ ಏನು ಕೊಟ್ಟೀತು ಹೇಳಿ.

"ತಮ್ಮಾ, ಮಳಿ ಬರೋತನಕ ನನ್ನ ಕುರಿಗಿ ಅದೇ ಮೇವು," ಎಂದಳು ಸತ್ಯಮ್ಮ. ಅವಳ ಕೈಯಲ್ಲಿದ್ದ ಕೊಡ ತುಳುಕುತ್ತಿತ್ತು.

"ಗೊತ್ತದ ಅಕ್ಕಾ. ಆದ್ರ ಇವತ್ತೂ ಆರಿಸಿದ್ರ ನಮಗ ಮ್ಯಾನೇಜರ್ ಸಿಗಂಗಿಲ್ಲ. ಭಾಲ್ಕಿಯವ್ರಿಗಿ ಇಬ್ಬರು, ನಮಗ ಒಬ್ಬರೂ ಇಲ್ಲ ಅಂದ್ರ ಊರಿನ ಮರ್ಯಾದಿ ಏನಾಗಬೇಕು?"

ಬೆಂಕಿಗೆ ಊರಿನ ಮರ್ಯಾದೆಯ ಗೊಡವೆ ಇರಲಿಲ್ಲ. ಅದು ಬಣವೆಯ ನೆತ್ತಿಗೇರಿತು. ಸತ್ಯಮ್ಮ ಸೀದಾ ಹೋಗಿ ಶಿವಕಾಂತರ ಎದುರು ನಿಂತಳು.

"ಎಷ್ಟು ಸುಟ್ಟರ ಮ್ಯಾನೇಜರ್ ಕೊಡ್ತೀರಿ ಸಾಹೇಬರ?"

ಶಿವಕಾಂತ ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. "ಪೂರ್ತಿ ಸುಡಬೇಕ್ರಿ ಅಮ್ಮಾ. ನನ್ನ ಕೈಯಾಗ ಏನಿಲ್ಲ, ನಿಯಮನೇ ಹಂಗ ಅದ."

ಕಣ್ಣೆದುರೇ ಅರ್ಧ ಬಣವೆ ಹೋಯಿತು. ಸತ್ಯಮ್ಮ ತಿರುಗಿ ಬಣವೆಯ ಕಡೆ ನಡೆದಳು. ಮಾಣಿಕನನ್ನು ಪಕ್ಕಕ್ಕೆ ತಳ್ಳಿ ಕೊಡದ ನೀರನ್ನು ಬೆಂಕಿಗೆ ಎರಚಿದಳು. ಅಷ್ಟೇ ಸಾಕಿತ್ತು, ಕೈಕೈ ಹಿಸುಕಿಕೊಳ್ಳುತ್ತಿದ್ದ ಊರು ಮುಗಿಬಿದ್ದಿತು. ಬೆಂಕಿ ಆರಿತು. ಮಾಣಿಕ ತಲೆಯ ಮೇಲೆ ಕೈ ಹೊತ್ತು ಕೂತ.

ಶಿವಕಾಂತ ಬಣವೆಯ ಸುತ್ತ ಓಡಾಡಿ ನೋಡಿದರು. "ಅರ್ಧ ಸುಟ್ಟದ. ಅರ್ಧ ಮ್ಯಾನೇಜರ್ ಕೊಡ್ಲಾಕ ಬರ್ತದ," ಎಂದರು. "ವಾರದಾಗ ಮೂರು ದಿನ ಭಾಲ್ಕಿ, ಮೂರು ದಿನ ಇಲ್ಲಿ. ನಿಮ್ಮವು ಗುರುವಾರ, ಶುಕ್ರವಾರ, ಶನಿವಾರ. ನಾಳಿಂದನೇ ಬರ್ತಾರ."

ಮಾಣಿಕನ ಮುಖ ಅರಳಿತು. ಏನೂ ಇಲ್ಲದಲ್ಲಿ ಅರ್ಧವಾದರೂ ಬಂತಲ್ಲ.

"ಆದ್ರ ಒಂದು ಮಾತು," ಎಂದರು ಶಿವಕಾಂತ, ಜೀಪು ಹತ್ತುತ್ತ. "ಅವರ ದಿನದಾಗ ಬೆಂಕಿ ಬಿದ್ರ ನೀವ್ಯಾರೂ ಕೈ ಹಚ್ಚಬ್ಯಾಡ್ರಿ. ಅವರು ಬಂದು, ನೋಡಿ, ಹೂಂ ಅಂದ ಮ್ಯಾಲೇ ನೀರು. ಮೊದಲೇ ಆರಿಸಿದ್ರ, ಈ ಊರಿಗಿ ಮ್ಯಾನೇಜರ್ ಬೇಕಿಲ್ಲ ಅಂತ ವಾಪಸ್ ಕರ್ಕೋತಾರ."

ನಾಳೆಯ ಸನ್ಮಾನಕ್ಕೆ ಶಾಲು, ಹಾರ ತರಲು ಮಾಣಿಕ ಆಗಲೇ ಔರಾದಕ್ಕೆ ಹೊರಟ. ಸತ್ಯಮ್ಮ ದೊಡ್ಡಿಯ ಬಾಗಿಲು ತೆಗೆದು, ಅಷ್ಟೂ ಕುರಿಗಳನ್ನು ಉಳಿದ ಬಣವೆಯ ಮೇಲೆ ಬಿಟ್ಟಳು. ಹೊಟ್ಟೆ ತುಂಬಿ ಮುಖ ತಿರುಗಿಸಿ ನಿಂತ ಒಂದು ಕುರಿಯನ್ನು ಮತ್ತೆ ಮೇವಿನ ಕಡೆ ನೂಕಿ, "ತಿಂದು ಮುಗಸವ್ವ," ಎಂದಳು. "ನಾಳಿಗಿ ಗುರುವಾರ."