ನಡುಗೋಡೆಯ ನೆಂಟರು

ದೊಡ್ಡ ಸೊಸೆ ನಡುಗೋಡೆಯ ತೂತಿನ ಮುಂದೆ ಮಂಡಿಯೂರಿ ಕೂತಿದ್ದಳು. ಹಿಂದಿನ ದಿನ ಅಲ್ಲಿ ತಾನೇ ಉದುರಿಸಿಟ್ಟಿದ್ದ ಹಿಟ್ಟಿನ ತುಂಬ ಪುಟ್ಟ ಪುಟ್ಟ ಹೆಜ್ಜೆಗಳು.

"ಬನ್ನಿ ಅತ್ತೆ, ನೋಡಿ! ನಿಮ್ಮ ಮುದ್ದಿನ ಚಿಕ್ಕ ಸೊಸೆ ಕಳಿಸಿರೋ ನೆಂಟರು. ಸಹಿ ಹಾಕಿ ಹೋಗಿದ್ದಾರೆ."

ಅತ್ತೆ ಶಾಲು ಹೊದ್ದು ಬಂದು ಬಗ್ಗಿ ನೋಡಿದರು. ಮನೆ ಅತ್ತೆಯದು. ನಡುವೆ ಒಂದೇ ಗೋಡೆ. ಈಚೆ ದೊಡ್ಡವಳ ಸಂಸಾರದ ಜೊತೆ ಅತ್ತೆ, ಆಚೆ ಚಿಕ್ಕವಳ ಸಂಸಾರ. ಚಳಿ ಶುರುವಾದಾಗಿನಿಂದ ಇಲಿ ಕಾಟ. ಚಿಕ್ಕವಳ ಕೊಳಕಿಗೇ ಅವು ಬರುವುದೆಂದು ದೊಡ್ಡವಳು ಅತ್ತೆಯ ಕಿವಿಯನ್ನು ಇಲಿಗಿಂತ ಹೆಚ್ಚು ಕೊರೆದಿದ್ದಳು. ಕೊನೆಗೆ ಅತ್ತೆ ಸೋತು ಮಾತು ಕೊಟ್ಟಿದ್ದರು: ಇಲಿ ಯಾರ ಕಡೆಯದೋ ಅವರು ಮನೆ ಖಾಲಿ ಮಾಡಬೇಕು.

ಇಬ್ಬರೂ ಆಚೆ ಬಾಗಿಲಿಗೆ ಹೋದರು. ಚಿಕ್ಕವಳು ನೆಲ ಒರೆಸುತ್ತಿದ್ದಳು. ಗೋಡೆಯಿಂದ ಒಲೆಯವರೆಗೂ ಬಿಳಿ ಬಿಳಿ ಚುಕ್ಕೆ.

"ನೋಡಿದ್ರಾ ಅತ್ತೆ, ಇವಳು ಲಟ್ಟಿಸೋದು ಮಣೆ ಮೇಲಲ್ಲ, ನೆಲದ ಮೇಲೆ. ಇಲಿಗಳಿಗೆ ಹಾಸಿ ಬಡಿಸ್ತಾಳೆ."

"ನಾನಿನ್ನೂ ಹಿಟ್ಟಿನ ಡಬ್ಬಾನೇ ತೆಗೆದಿಲ್ಲ ಅಕ್ಕಾ."

"ಓಹೋ! ಹಾಗಾದ್ರೆ ಇಲಿಗಳೇ ಎದ್ದು ಲಟ್ಟಿಸಿದ್ವಾ?"

"ಚಳಿಗೆ ಬೆಚ್ಚಗಿರೋ ಜಾಗ ಹುಡುಕ್ತವೆ ಅಕ್ಕಾ, ಪಾಪ. ನಿಮ್ಮ ಕಡೇನೂ ಒಂದ್ಸಲ..."

"ಬೆಚ್ಚಗಿರೋ ಜಾಗಾ ಹುಡುಕ್ತವೆ ಅಕ್ಕಾಆ, ಪಾಪಾಆ!" ದೊಡ್ಡವಳು ಕತ್ತು ಓರೆ ಮಾಡಿ, ಮೂಗಿನಲ್ಲೇ ರಾಗ ಎಳೆದು ಅಣಕಿಸಿದಳು. "ನನ್ನ ಕಡೆ ಅಂತೆ! ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ಅವಳ ಕಣ್ಣು ಚಿಕ್ಕವಳ ಗೂಡಿನ ಮೇಲೆ ಬಿತ್ತು. ಬಿಗಿ ಮುಚ್ಚಳದ ಸಣ್ಣ ಸಣ್ಣ ಡಬ್ಬಗಳು. ಅಷ್ಟಷ್ಟೇ ತಂದು ಅಷ್ಟಷ್ಟೇ ತಿನ್ನುವ ಗುಬ್ಬಿ ಸಂಸಾರ. ತನ್ನ ಉಗ್ರಾಣದಲ್ಲಿ ವರ್ಷಕ್ಕಾಗುವಷ್ಟು ಗೋಧಿ, ಮೂಟೆಯ ಮೇಲೆ ಮೂಟೆ. ಸಂಸಾರ ಎಂದರೆ ಅದು.

ಆ ಮಧ್ಯಾಹ್ನ ಗಾರೆಯವನಿಗೂ ಕಾಯದೆ ತಾನೇ ಸೆರಗು ಬಿಗಿದಳು. ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ತೂತಿಗೆ ತುರುಕಿ ಮೇಲೆ ಸಿಮೆಂಟು ಮೆತ್ತಿದಳು. ಬಚ್ಚಲ ತೂಬಿಗೆ ಜಾಲರಿ ಬಿತ್ತು, ಬಾಗಿಲ ಅಡಿಗೆ ರಬ್ಬರ್ ಪಟ್ಟಿ. ಇನ್ನು ಗಾಳಿಯೂ ಅಪ್ಪಣೆ ಕೇಳಿಯೇ ಓಡಾಡಬೇಕು.

"ಅವಳ ನೆಂಟರು ಅವಳ ಹತ್ರಾನೇ ಇರಲಿ. ನಾಳೆ ನೋಡಿ ಅತ್ತೆ, ಆ ಅಡುಗೆಮನೇಲಿ ಹೇಗೆ ತಾಂಡವ ಆಡ್ತವೆ ಅಂತ. ಆಮೇಲೆ ಮಾತಿಗೆ ತಪ್ಪಬಾರದು."

"ತಪ್ಪಲ್ಲ ಬಿಡೇ," ಎಂದರು ಅತ್ತೆ, ಬೇಸರದಿಂದ.

ಬೆಳಿಗ್ಗೆ ಅತ್ತೆ ಏಳುವವರೆಗೂ ತಡೆಯಲಾಗದೆ ದೊಡ್ಡವಳು ಆಚೆ ನುಗ್ಗಿದಳು. ಚಿಕ್ಕವಳು ಕಣ್ಣುಜ್ಜುತ್ತ ಬಾಗಿಲು ತೆಗೆದಳು. ನೆಲ ಕನ್ನಡಿಯಂತಿತ್ತು.

"ಮನೆ ಕೈ ತಪ್ಪುತ್ತೆ ಅಂದಾಗ ಒರೆಸೋದು ಬಂತು ನೋಡು! ಕತ್ತಲಲ್ಲೇ ಎದ್ದೆಯಾ?"

"ಈಗ ಎದ್ದೆ ಅಕ್ಕಾ. ಇವತ್ತು ಒರೆಸೋಕೆ ಏನೂ ಬಂದಿಲ್ಲ."

ಅಷ್ಟರಲ್ಲಿ ಗೋಡೆಯ ಈಚೆಯಿಂದ ಅತ್ತೆ ಕಿರುಚಿದರು: "ಬಾರೇ ದೊಡ್ಡೋಳೇ, ಎಲ್ಲಾ ನಮ್ಮವೇ ಕಣೇ! ಗೋಧಿ ಮೂಟೇಲೇ ಮರಿ ಹಾಕಿವೆ, ಆಚೆ ಹೋಗೋಕೆ ದಾರಿ ಸಿಗದೆ ನನ್ನ ರಗ್ಗಿನೊಳಗೆ ನುಗ್ತಿವೆ!"